ಪ್ರೈಮರಿ ಶಾಲೆಯಲ್ಲಿ ಧರ್ಮದ ಪಾಠ: ಇಂಗ್ಲೆಂಡ್ ಇಲ್ಲಿಗೆ ಬಂದದ್ದು ಹೇಗೆ?

ಇಂಗ್ಲೆಂಡಿನ ಸರ್ಕಾರಿ ಪ್ರೈಮರಿ ಶಾಲೆಗೆ ಮಗುವನ್ನು ಸೇರಿಸುವ ಕನ್ನಡದ ಅಪ್ಪ ಅಮ್ಮಂದಿರು ಟೈಮ್ ಟೇಬಲ್ ನೋಡಿ ಒಂದು ಕಡೆ ನಿಲ್ಲುತ್ತಾರೆ. ಗಣಿತ, ವಿಜ್ಞಾನದ ಜೊತೆ ‘ಆರ್‌ಇ’ ಅಂತ ಒಂದು ಪಿರಿಯಡ್. ರಿಲಿಜಿಯಸ್ ಎಜುಕೇಶನ್, ಧರ್ಮದ ಪಾಠ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ ನಮ್ಮ ಸಂವಿಧಾನದ 28ನೇ ವಿಧಿ. ಅಲ್ಲಿ ಅದನ್ನು ಕಲಿಸಲೇಬೇಕು ಅಂತ ಕಾನೂನಿದೆ.

ಹಾಗಂತ ಅಲ್ಲಿ ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸುತ್ತಾರೆ ಅಂದುಕೊಳ್ಳಬೇಡಿ. ಚರ್ಚಿನದಲ್ಲದ ಮಾಮೂಲಿ ಶಾಲೆಯಲ್ಲಿ ಒಂದು ವಾರ ಯಹೂದಿಗಳ ಶಬ್ಬಾತ್ (ವಾರದ ವಿಶ್ರಾಂತಿ ದಿನ) ಊಟದ ಪಾಠ, ಇನ್ನೊಂದು ವಾರ ರಂಜಾನ್. ಮತ್ತೊಂದು ವಾರ, ದೇವರನ್ನು ನಂಬದವರು ಒಳ್ಳೆಯದು ಕೆಟ್ಟದ್ದನ್ನು ಹೇಗೆ ತೀರ್ಮಾನಿಸುತ್ತಾರೆ ಅನ್ನುವ ಚರ್ಚೆ. ಇಲ್ಲಿಗೆ ಬರಲು 150 ವರ್ಷ ಹಿಡಿಯಿತು. ಆ ಚರಿತ್ರೆ ಓದಿದಾಗಲೆಲ್ಲ ನನಗೆ ಕಾಣುವುದು ಇಷ್ಟು: ಪ್ರತಿ ಸಲವೂ ಕಾನೂನು ಬರೆದದ್ದು ದೊಡ್ಡವರ ಜಗಳ ಬಿಡಿಸಲಿಕ್ಕೆ. ಮಗುವಿನ ಪ್ರಶ್ನೆಗೆ ಸರದಿ ಬಂದದ್ದು ತೀರಾ ಈಚೆಗೆ.

ಮೊದಲ ಜಗಳ ಕ್ರೈಸ್ತರ ಒಳಗಿನದು. 1870ರಲ್ಲಿ ಡಬ್ಲ್ಯೂ. ಇ. ಫಾರ್ಸ್ಟರ್ ತಂದ ಶಿಕ್ಷಣ ಕಾಯ್ದೆಯಿಂದ ಜನರ ತೆರಿಗೆ ಹಣದ ಶಾಲೆಗಳು ಶುರುವಾದವು. ಅಲ್ಲಿ ಯಾರ ಬೈಬಲ್ ಪಾಠ? ಇಂಗ್ಲೆಂಡಿನ ಅಧಿಕೃತ ಚರ್ಚಿನದೋ, ಅದರಿಂದ ಹೊರಗುಳಿದ ಬ್ಯಾಪ್ಟಿಸ್ಟ್, ಮೆಥಡಿಸ್ಟರದೋ? ಸಂಸದ ಕೂಪರ್ ಟೆಂಪಲ್ ಒಂದು ದಾರಿ ಹುಡುಕಿದರು. ಯಾವುದೇ ಒಂದು ಪಂಗಡದ್ದೇ ಆದ ಧರ್ಮಸೂತ್ರಗಳನ್ನು ಈ ಶಾಲೆಗಳಲ್ಲಿ ಕಲಿಸುವಂತಿಲ್ಲ. ಬೈಬಲ್ ಓದಬಹುದು, ಪಂಗಡ ಬೇಡ.

ಅದೇ ಕಾಯ್ದೆಯಲ್ಲಿ ಇನ್ನೊಂದು ಸಣ್ಣ ನಿಯಮ ಇತ್ತು. ಧರ್ಮದ ಪಾಠ ಶಾಲೆಯ ಹೊತ್ತಿನ ಮೊದಲಿಗೋ ಕೊನೆಗೋ ಇರಬೇಕು, ನಡುವೆ ಕೂಡದು. ಯಾಕೆ ಅಂದರೆ, ಬೇಡ ಅನ್ನುವ ಮನೆಯವರು ಮಗುವನ್ನು ತಡವಾಗಿ ಕಳಿಸಬಹುದು, ಇಲ್ಲವೇ ಬೇಗ ಕರೆದುಕೊಂಡು ಹೋಗಬಹುದು. ಗಡಿಯಾರದ ಆ ನಿಯಮ ಹೋಯಿತು. ಮಗುವನ್ನು ಪಾಠದಿಂದ ಹೊರಗಿಡುವ ಪೋಷಕರ ಹಕ್ಕು ಮಾತ್ರ ಇಂಗ್ಲೆಂಡಿನಲ್ಲಿ ಇವತ್ತಿಗೂ ಇದೆ. ನಮ್ಮ 28ನೇ ವಿಧಿಯಲ್ಲೂ ಇದರ ನೆಂಟಸ್ತಿಕೆ ಕಾಣುತ್ತದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ಅಲ್ಲಿ ಬೇಡ ಅಂತ ಹೇಳಬೇಕು, ಇಲ್ಲಿ ಬೇಕು ಅಂತ ಹೇಳಬೇಕು.

1902ರ ಕಾಯ್ದೆ ಚರ್ಚ್ ಶಾಲೆಗಳಿಗೂ ಸ್ಥಳೀಯ ತೆರಿಗೆ ಹಣ ಕೊಟ್ಟಿತು. ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಿಫರ್ಡ್ ಮುಂದಾಳುತನದಲ್ಲಿ ಸಾವಿರಾರು ಜನ ತೆರಿಗೆ ಕಟ್ಟಲು ಒಪ್ಪಲಿಲ್ಲ. ಮನೆಯ ಸಾಮಾನು ಜಪ್ತಿಯಾಗಿ ಹರಾಜಾಯಿತು. ಕೆಲವರು ಜೈಲಿಗೂ ಹೋದರು. ಗಾಂಧೀಜಿ ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಬಗ್ಗೆ ಬರೆಯುವಾಗ ಇದೇ ಕ್ಲಿಫರ್ಡ್ ಚಳವಳಿಯನ್ನು ನೆನೆಯುತ್ತಾರೆ. ಶಾಲೆಯ ಧರ್ಮದ ಪಾಠಕ್ಕಾಗಿ ನಡೆದ ಜಗಳ ಅಷ್ಟು ದೂರ ಕೇಳಿಸಿತ್ತು.

ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಮಂತ್ರಿ ಆರ್. ಎ. ಬಟ್ಲರ್ ಹೊಸ ಕಾಯ್ದೆ ತಂದರು. ಕಾನೂನಿನ ಪ್ರಕಾರ ಕಲಿಸಲೇಬೇಕಾದ ಏಕೈಕ ವಿಷಯ ಧರ್ಮ ಆಯಿತು! ದಿನಾ ಸಾಮೂಹಿಕ ಪ್ರಾರ್ಥನೆಯೂ ಕಡ್ಡಾಯ. ಪಠ್ಯ ಏನಿರಬೇಕು ಅಂತ ದೇಶಕ್ಕೆಲ್ಲ ಒಂದೇ ತೀರ್ಮಾನ ಮಾಡಲಿಲ್ಲ. ಒಂದೊಂದು ಸ್ಥಳೀಯ ಆಡಳಿತವೂ ಅಧಿಕೃತ ಚರ್ಚ್, ಬೇರೆ ಪಂಗಡಗಳು, ಶಿಕ್ಷಕರು ಮತ್ತು ಆಡಳಿತದ ಪ್ರತಿನಿಧಿಗಳನ್ನು ಕೂರಿಸಿ ‘ಒಪ್ಪಿತ ಪಠ್ಯ’ ಬರೆಸಬೇಕು. ನಾಲ್ಕೂ ಗುಂಪು ಒಪ್ಪಲೇಬೇಕು. ಇದು ಇಂದಿಗೂ ನಡೆದುಕೊಂಡು ಬಂದಿದೆ, ಅದಕ್ಕೇ ಬರ್ಮಿಂಗ್‌ಹ್ಯಾಮ್‌ನ ಪಠ್ಯ ಬೇರೆ, ಕಾರ್ನ್‌ವಾಲ್‌ನ ಪಠ್ಯ ಬೇರೆ.

ಮಕ್ಕಳಿಗೆ ಇದೆಲ್ಲ ಅರ್ಥವಾಗುತ್ತಿದೆಯಾ ಅಂತ ಗಂಭೀರವಾಗಿ ಪರೀಕ್ಷಿಸಿದವರಲ್ಲಿ ರೊನಾಲ್ಡ್ ಗೋಲ್ಡ್‌ಮನ್ ಮುಖ್ಯರು. 1964ರಲ್ಲಿ ಅವರ ಸಂಶೋಧನೆ ಪ್ರಕಟವಾಯಿತು. ಉರಿಯುವ ಪೊದೆಯಿಂದ ದೇವರು ಮೋಶೆಯ ಜೊತೆ ಮಾತಾಡಿದ ಕಥೆಯಂಥ ಬೈಬಲ್ ಕಥೆಗಳನ್ನು ಇಟ್ಟುಕೊಂಡು ಮಕ್ಕಳನ್ನು ಕೇಳಿದರು. ಪ್ರೈಮರಿ ವಯಸ್ಸಿನವರು ಕಥೆಯನ್ನು ಅಕ್ಷರಶಃ ಹಿಡಿಯುತ್ತಾರೆ, ಒಳಗಿನ ಮಾತು ಅವರಿಗೆ ದಕ್ಕುವುದಿಲ್ಲ ಅನ್ನುವುದು ಅವರ ತೀರ್ಮಾನ. ಅದರ ಬಗ್ಗೆ ಆಮೇಲೆ ವಾದಗಳು ನಡೆದವು, ನಡೆಯಲಿ. ಮಗುವನ್ನು ಕೇಳಿದರಲ್ಲ, ನನಗೆ ಅದೇ ದೊಡ್ಡದು.

ಅಷ್ಟರಲ್ಲಿ ತರಗತಿಯೇ ಬದಲಾಗಿತ್ತು. ಪಂಜಾಬ್, ಗುಜರಾತ್, ಪಾಕಿಸ್ತಾನ, ಕೆರಿಬಿಯನ್ ಕಡೆಯಿಂದ ಕುಟುಂಬಗಳು ಬಂದವು. 1972ರಲ್ಲಿ ಇದಿ ಅಮಿನ್ ಉಗಾಂಡಾದಿಂದ ಓಡಿಸಿದ ಏಷ್ಯನ್ನರು ಲೆಸ್ಟರ್‌ನಂಥ ಊರುಗಳಿಗೆ ಬಂದು ನೆಲೆಸಿದರು. ಬೆಂಚಿನ ಮೇಲೆ ಸಿಖ್, ಹಿಂದೂ, ಮುಸ್ಲಿಂ ಮಕ್ಕಳು, ಕೈಯಲ್ಲಿ ಬೈಬಲ್ ಪಾಠ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಿನಿಯನ್ ಸ್ಮಾರ್ಟ್ ಬೇರೆ ದಾರಿ ತೋರಿಸುತ್ತಿದ್ದರು: ಧರ್ಮಗಳನ್ನು ನಂಬಿಸಲು ಅಲ್ಲ, ತಿಳಿಯಲು ಕಲಿಸಿ. 1975ರಲ್ಲಿ ಬರ್ಮಿಂಗ್‌ಹ್ಯಾಮ್ ಹಲವು ಧರ್ಮಗಳ ಪಠ್ಯ ತಂದಿತು. ಮಾನವತಾವಾದ, ಕಮ್ಯುನಿಸಂ ಕೂಡ ಬದುಕಿನ ನಿಲುವುಗಳೇ ಅಂತ ಸೇರಿಸಿದ್ದಕ್ಕೆ ದೊಡ್ಡ ಗಲಾಟೆ ಎದ್ದಿತು.

1988ರ ಕಾಯ್ದೆ ಎರಡೂ ಕಡೆಯವರನ್ನು ಸಮಾಧಾನ ಮಾಡಲು ನೋಡಿತು. ಬ್ರಿಟನ್ನಿನ ಧಾರ್ಮಿಕ ಪರಂಪರೆ ಮುಖ್ಯವಾಗಿ ಕ್ರೈಸ್ತ ಅನ್ನುವುದು ಪಠ್ಯದಲ್ಲಿ ಕಾಣಬೇಕು, ಇತರ ಪ್ರಮುಖ ಧರ್ಮಗಳ ಬೋಧನೆ, ಆಚರಣೆಗಳನ್ನೂ ಗಮನಕ್ಕೆ ತೆಗೆದುಕೊಳ್ಳಬೇಕು. 1994ರಲ್ಲಿ ಆಯಾ ಧರ್ಮದವರನ್ನೇ ಕೇಳಿ ಮಾದರಿ ಪಠ್ಯಗಳು ಬಂದವು. ಕ್ರೈಸ್ತ, ಬೌದ್ಧ, ಹಿಂದೂ, ಇಸ್ಲಾಂ, ಯಹೂದಿ, ಸಿಖ್. ಆರು ಧರ್ಮ, ಆರು ಡಬ್ಬಿ.

ಸಮಸ್ಯೆ ಈ ಡಬ್ಬಿಗಳಲ್ಲೇ ಇದೆ. ಹಿಂದೂ ಧರ್ಮದ ಪಾಠ ಅಂದರೆ ಅಲ್ಲಿನ ಪ್ರೈಮರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಪೂಜಾ ತಟ್ಟೆ. ಗಂಟೆ, ದೀಪ, ಊದುಬತ್ತಿ, ಕುಂಕುಮ, ನೀರಿನ ಪಾತ್ರೆ, ಚಮಚ. ವರ್ಕ್‌ಶೀಟಿನಲ್ಲಿ ಚಿತ್ರ ಇರುತ್ತದೆ, ಪಕ್ಕದಲ್ಲಿ ಹೆಸರು ಬರೆಯಬೇಕು. ‘ಹಿಂದೂಗಳು ಹೀಗೆ ಪೂಜೆ ಮಾಡುತ್ತಾರೆ’. ತಪ್ಪಲ್ಲ. ಆದರೆ ಆ ತರಗತಿಯಲ್ಲಿ ದಾವಣಗೆರೆ ಕಡೆಯ ಲಿಂಗಾಯತ ಮನೆಯ ಮಗು ಇದ್ದರೆ? ಅದರ ಅಜ್ಜಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುತ್ತಾರೆ. ಅದು ಯಾವ ಡಬ್ಬಿಗೆ ಸೇರಬೇಕು ಅನ್ನುವುದೇ ನಮ್ಮಲ್ಲಿ ದೊಡ್ಡ ಚರ್ಚೆ. ಮೂಡಬಿದಿರೆಯ ಜೈನ ಮಗುವಿಗಂತೂ ಆರರಲ್ಲಿ ಡಬ್ಬಿಯೇ ಇಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನ ಪ್ರತಿಮೆ ನಿಂತಿದೆ. ಆ ಪ್ರತಿಮೆ ಯಾರದು, ಅವರು ಏನು ಹೇಳಿದರು ಅಂತ ಮಗು ಕೇಳಿದರೆ ಪೂಜಾ ತಟ್ಟೆಯ ಪಾಠದಲ್ಲಿ ಉತ್ತರ ಸಿಗುವುದಿಲ್ಲ.

ಯಾವ ಧರ್ಮವೂ ಬೇಡ ಅನ್ನುವ ಮನೆಗಳೂ ಜಾಸ್ತಿಯಾದವು. 2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು 46.2%, ಧರ್ಮ ಇಲ್ಲ ಅಂದವರು 37.2%. ಅದಕ್ಕೂ ಮೊದಲೇ, 2015ರಲ್ಲಿ, ಮೂರು ಕುಟುಂಬಗಳು ಹೈಕೋರ್ಟಿಗೆ ಹೋಗಿದ್ದವು. ಹೈಸ್ಕೂಲ್ ಪಠ್ಯದ ಆ ಕೇಸಿನಲ್ಲಿ ಕೋರ್ಟು, ಸರ್ಕಾರ ತಟಸ್ಥವಾಗಿರಬೇಕು, ಧರ್ಮೇತರ ನಿಲುವುಗಳನ್ನು ಪಕ್ಕಕ್ಕೆ ಸರಿಸುವಂತಿಲ್ಲ ಅಂದಿತು. 2018ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆಬಿಯ ಡೀನ್ ಜಾನ್ ಹಾಲ್ ಅಧ್ಯಕ್ಷತೆಯ ಆಯೋಗ, ಧರ್ಮಗಳ ಜೊತೆ ಲೋಕದೃಷ್ಟಿಗಳನ್ನೂ, ಅಂದರೆ ಧರ್ಮ ಇರಲಿ ಇಲ್ಲದಿರಲಿ ಜನ ಬದುಕನ್ನು ನೋಡುವ ಬಗೆಗಳನ್ನೂ, ಕಲಿಸುವ ವಿಷಯವಾಗಿ ಇದನ್ನು ಬದಲಿಸಿ ಅಂದಿತು. ಸರ್ಕಾರ ಆಗ ಒಪ್ಪಲಿಲ್ಲ. ಆದರೂ ಅನೇಕ ಊರುಗಳ ಪಠ್ಯ ಅತ್ತ ತಿರುಗಿವೆ.

ತರಗತಿಯಲ್ಲಿ ಇದು ಹೇಗಿರುತ್ತದೆ? ‘ಹಿಂದೂಗಳು ಹೀಗೆ ಮಾಡುತ್ತಾರೆ’ ಬದಲು ‘ಈ ಮನೆಯವರು ಹೀಗೆ ಮಾಡುತ್ತಾರೆ, ಪಕ್ಕದ ಮನೆಯವರು ಬೇರೆ ಥರ, ಯಾಕಿರಬಹುದು?’ ಅಂತ ಕೇಳುತ್ತಾರೆ. ಒಂದೇ ಧರ್ಮದ ಇಬ್ಬರು ಬೇರೆಯಾಗಿ ಬದುಕುವುದನ್ನು ಎಂಟು ವರ್ಷದ ಮಗು ಚೆನ್ನಾಗಿಯೇ ಗಮನಿಸುತ್ತದೆ, ಅಲ್ವಾ? ಇದೇ ಸರಿಯಾದ ದಾರಿ ಅಂತ ನನ್ನ ನಂಬಿಕೆ. ಆದರೆ ಕಷ್ಟ ಶಿಕ್ಷಕರದು. ಪ್ರೈಮರಿಯಲ್ಲಿ ಗಣಿತದಿಂದ ಚಿತ್ರಕಲೆವರೆಗೆ ಸಾಮಾನ್ಯವಾಗಿ ಒಬ್ಬರೇ ಕಲಿಸುತ್ತಾರೆ. ಈ ವಿಷಯಕ್ಕೆ ಅವರಿಗೆ ಸಿಗುವ ತರಬೇತಿ ತೀರಾ ಕಡಿಮೆ. ತಯಾರಿ ಇಲ್ಲದ ಶಿಕ್ಷಕರು ಸುರಕ್ಷಿತವಾದ ವರ್ಕ್‌ಶೀಟಿಗೆ ಮರಳಿದರೆ ಅವರನ್ನು ಬೈಯಲು ನನಗೆ ಮನಸ್ಸಿಲ್ಲ.

ಅತ್ತ ಉತ್ತರ ಐರ್ಲೆಂಡಿನಲ್ಲಿ ಬೆಲ್‌ಫಾಸ್ಟ್‌ನ ಒಂದು ಪುಟ್ಟ ಹುಡುಗಿ, ಮನೆಯಲ್ಲಿ ಯಾರೂ ಹೇಳಿಕೊಡದಿದ್ದರೂ, ಊಟಕ್ಕೆ ಮೊದಲು ಪ್ರಾರ್ಥನೆ ಹೇಳತೊಡಗಿದಳು. ಕಲಿತದ್ದು ಶಾಲೆಯಲ್ಲಿ. ಅಲ್ಲಿನ ಪಠ್ಯ ರೂಪಿಸಿದ್ದು ನಾಲ್ಕು ಪ್ರಮುಖ ಚರ್ಚುಗಳು. ತಂದೆ ಕೋರ್ಟಿಗೆ ಹೋದರು. 2025ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆ ಬೋಧನೆ ಕಾನೂನಿಗೆ ವಿರುದ್ಧ ಅಂದಿತು. ಬೇಡವಾದರೆ ಮಗುವನ್ನು ಹೊರಗೆ ಕೂರಿಸಿ ಅನ್ನುವ ಹಕ್ಕು ಸಾಕಾಗುವುದಿಲ್ಲ, ಆ ಹಕ್ಕೇ ಮನೆಯವರಿಗೆ ಹೊರೆಯಾಗುತ್ತದೆ ಅಂತಲೂ ಹೇಳಿತು. ಒಂದೇ ಮಗು ಎದ್ದು ಬೇರೆ ಕೋಣೆಗೆ ಹೋಗುವುದು ಎಂಥ ಶಿಕ್ಷೆ ಅಂತ ಆ ವಯಸ್ಸಿನ ಮಕ್ಕಳಿರುವ ಎಲ್ಲರಿಗೂ ಗೊತ್ತು. ವೇಲ್ಸ್ 2022ರಲ್ಲಿ ಶುರುವಾದ ಹೊಸ ಪಠ್ಯಕ್ರಮದಲ್ಲಿ ಆ ಹಕ್ಕನ್ನೇ ತೆಗೆದುಹಾಕಿತು. ಪಾಠ ಎಲ್ಲ ನಿಲುವುಗಳಿಗೂ ಜಾಗ ಕೊಡಬೇಕು ಅಂತ ಮೊದಲು ಮಾಡಿ, ಆಮೇಲೆ.

ಇಂಗ್ಲೆಂಡಿನಲ್ಲೂ 2025ರ ಪಠ್ಯಕ್ರಮ ವಿಮರ್ಶೆ, ಧರ್ಮದ ಪಾಠವನ್ನು ರಾಷ್ಟ್ರೀಯ ಪಠ್ಯಕ್ರಮಕ್ಕೇ ತರುವ ಸಲಹೆ ಕೊಟ್ಟಿದೆ. ಸದ್ಯಕ್ಕೆ ಪಠ್ಯ ಊರೂರಿನದೇ. ಅದರ ಮೇಲೆ ಕಣ್ಣಿಡುವ ಸಲಹಾ ಮಂಡಳಿಯನ್ನು ‘ಸೇಕರ್’ ಅಂತ ಕರೆಯುತ್ತಾರೆ. ಅದರ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಪೂಜಾ ತಟ್ಟೆಯ ಪಕ್ಕ ಇಷ್ಟಲಿಂಗದ್ದೂ ಒಂದು ಚಿತ್ರ ಬೇಕು ಅನ್ನಿಸುವವರು ಮಾತು ಶುರು ಮಾಡಬೇಕಾದದ್ದು ಅಲ್ಲಿಂದಲೇ.