ಜೊತೆಗೆ ಬಂದವರನ್ನು ಎಲ್ಲಿ ಕೂರಿಸಬೇಕು? ಆಪ್ತಸಮಾಲೋಚನೆ ಕಲಿಯುವವರಿಗೆ ಟಿಪ್ಪಣಿ

ಪಠ್ಯಪುಸ್ತಕದ ಚಿತ್ರದಲ್ಲಿ ಎರಡೇ ಕುರ್ಚಿ ಇರುತ್ತವೆ. ಧಾರವಾಡದ ಒಪಿಡಿಗೋ ಹಾವೇರಿ ಜಿಲ್ಲೆಯ ತಾಲೂಕು ಆಸ್ಪತ್ರೆಗೋ ಬರುವವರಿಗೆ ಎರಡು ಸಾಲುವುದಿಲ್ಲ. ಸೊಸೆಯ ಜೊತೆ ಅತ್ತೆ ಬಂದಿರುತ್ತಾರೆ, ಮಗನ ಜೊತೆ ಅಪ್ಪ ಮತ್ತು ಸೋದರಮಾವ, ಒಮ್ಮೊಮ್ಮೆ ಊರಿನ ಹಿರಿಯರೊಬ್ಬರು. ಮೊದಲು ಮಾತು ತೆಗೆಯುವವರೂ ಅವರೇ. ಒಪ್ಪಿಗೆ, ಗೋಪ್ಯತೆ, ಕರುಣೆ, ಸಂಸ್ಕೃತಿಯ ಅರಿವು ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವುದೆಲ್ಲ ನಮ್ಮ ಭಾಗದಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಈ ಜೊತೆಗೆ ಬಂದವರನ್ನು ಏನು ಮಾಡಬೇಕು?

ಹೊಸಬರು ಇಲ್ಲಿ ಎರಡು ರೀತಿ ತಪ್ಪುತ್ತಾರೆ. ಬಾಗಿಲಲ್ಲೇ ತಡೆದು ಹೊರಗೆ ಕಳಿಸಿದರೆ ಮನೆಯವರಿಗೆ ಅವಮಾನವಾಗುತ್ತದೆ. ಮುಂದಿನ ಸಲ ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು ಕರೆದುಕೊಂಡು ಬರಬೇಕಾದವರು ಅವರೇ. ಅವರು ಮುನಿಸಿಕೊಂಡರೆ ಎರಡನೇ ಭೇಟಿ ಆಗುವುದೇ ಇಲ್ಲ. ಪೂರ್ತಿ ಹೊತ್ತು ಒಳಗೇ ಕೂರಿಸಿಕೊಂಡರೆ, ಬಂದ ಹೆಣ್ಣುಮಗಳು ಸೆರಗಿನ ಅಂಚು ಸುತ್ತುತ್ತ "ಏನಿಲ್ರಿ, ಆರಾಮ ಅದೀನಿ" ಎಂದು ಎದ್ದು ಹೋಗುತ್ತಾಳೆ.

45 ನಿಮಿಷದ ಮೊದಲ ಭೇಟಿಯನ್ನು ಹೀಗೆ ಒಡೆದುಕೊಳ್ಳಿ: ಎಲ್ಲರೂ ಕೂಡಿ 10 ನಿಮಿಷ, ಸಮಾಲೋಚನೆಗೆ ಬಂದವರೊಬ್ಬರೇ 25 ನಿಮಿಷ, ಮತ್ತೆ ಎಲ್ಲರೂ ಕೂಡಿ 10 ನಿಮಿಷ. ಹೊರಗೆ ಕಳಿಸುವ ಮಾತನ್ನು ಮೊದಲ ಎರಡು ನಿಮಿಷದಲ್ಲೇ, ಎಲ್ಲರಿಗೂ ಇರುವ ಪದ್ಧತಿ ಎಂಬಂತೆ ಹೇಳಿಬಿಡಬೇಕು: "ಮೊದಲ ಎಲ್ಲಾರೂ ಕೂಡಿ ಮಾತಾಡೂಣ್ರಿ. ಆಮ್ಯಾಲೆ ಸ್ವಲ್ಪ ಹೊತ್ತು ಇವರೊಬ್ಬರ ಕೂಡ ಮಾತಾಡತೀನಿ. ಇಲ್ಲೆ ಬರೂ ಎಲ್ಲಾರಿಗೂ ಇದ ಪದ್ಧತಿ. ಕಡೀಕ ನಿಮ್ಮನ್ನ ಮತ್ತ ಕರೀತೀನ್ರಿ." ಇದನ್ನು ಹದಿನೈದನೇ ನಿಮಿಷದಲ್ಲಿ, ಯಾವುದೋ ಸೂಕ್ಷ್ಮ ಮಾತು ಬಂದಮೇಲೆ ಹೇಳಿದರೆ ಅತ್ತೆಗೆ ತನ್ನ ಮೇಲೇ ಸಂಶಯ ಬಂತು ಎನಿಸುತ್ತದೆ.

ಮೂರನೇ ಭಾಗಕ್ಕೆ ಮನೆಯವರನ್ನು ಕರೆಯುವ ಮುಂಚೆ ಒಂದು ಹೆಜ್ಜೆ ಇದೆ. ಹೆಚ್ಚಿನವರು ಮರೆಯುವುದು ಇದನ್ನೇ. ಬಂದವರನ್ನು ಕೇಳಿ: "ಅವರ ಮುಂದ ಏನ್ ಹೇಳ್ಲಿ, ಏನ್ ಬ್ಯಾಡ?" ಉತ್ತರವನ್ನು ಫೈಲಿನಲ್ಲಿ ಎರಡು ಸಾಲು ಬರೆದುಕೊಳ್ಳಿ. "ನಿದ್ದಿ ಬರೂದಿಲ್ಲ ಅನ್ನೂದು ಹೇಳ್ರಿ, ಗಂಡನ ಕುಡಿತದ್ದು ಬ್ಯಾಡ್ರಿ" ಎಂದರೆ ಅಷ್ಟನ್ನೇ ಹೇಳಬೇಕು. ಒಪ್ಪಿಗೆ ಎಂದರೆ ಸಹಿ ಮಾಡಿದ ಕಾಗದವಷ್ಟೇ ಅಲ್ಲ, ಪ್ರತಿ ಭೇಟಿಯಲ್ಲೂ ಕೇಳಿ ಪಡೆಯಬೇಕಾದದ್ದು.

ಶಿಬಿರಗಳಲ್ಲಿ ಪ್ರತ್ಯೇಕ ಕೋಣೆ ಸಿಗುವುದಿಲ್ಲ. ಆಗ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಕೊಂಡರೂ ಆದೀತು. ಮನೆಯವರ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು, ಕಿವಿಗೆ ಕೇಳದಷ್ಟು ದೂರ ಇರಬೇಕು. ಹೆಣ್ಣುಮಕ್ಕಳನ್ನು ಒಬ್ಬರೇ ಕೂರಿಸಲು ಹಿಂಜರಿಯುವ ಮನೆಯವರು ಈ ಏರ್ಪಾಟಿಗೆ ಸುಲಭವಾಗಿ ಒಪ್ಪುತ್ತಾರೆ.

ಯಾರಿಗೂ ಹೇಳುವುದಿಲ್ಲ ಎಂಬ ಮಾತು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 23 ಗೋಪ್ಯತೆಯನ್ನು ಕಾಯಿಲೆಯಿರುವ ವ್ಯಕ್ತಿಯ ಹಕ್ಕು ಎಂದು ಹೇಳುತ್ತದೆ. ಚಿಕಿತ್ಸೆ ಕೊಡುವವರಿಗೆ ಅದು ಕರ್ತವ್ಯ. ಅದೇ ಸೆಕ್ಷನ್ನಿನಲ್ಲಿ ವಿನಾಯಿತಿಗಳೂ ಇವೆ: ನಾಮನಿರ್ದೇಶಿತ ಪ್ರತಿನಿಧಿಗೆ (ಕಾಯಿಲೆಯವರ ಪರವಾಗಿ ನಿಲ್ಲಲು ಹೆಸರಿಸಿದವರಿಗೆ) ಅವರ ಕರ್ತವ್ಯಕ್ಕೆ ಬೇಕಾದಷ್ಟು, ಆರೈಕೆಯಲ್ಲಿ ತೊಡಗಿದ ಇತರ ವೈದ್ಯಕೀಯ ಸಿಬ್ಬಂದಿಗೆ, ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು, ನ್ಯಾಯಾಲಯ ಮುಂತಾದ ಅಧಿಕಾರಸ್ಥರ ಆದೇಶವಿದ್ದಾಗ. ಫೋನ್ ಮಾಡಿ "ನಮ್ಮ ತಂಗಿ ಏನಂದ್ಲ್ರಿ?" ಎಂದು ಕೇಳುವ ಅಣ್ಣನಿಗೆ, ಅಣ್ಣ ಎಂಬ ಒಂದೇ ಕಾರಣಕ್ಕೆ ಹೇಳುವಂತಿಲ್ಲ.

ಈ ಮಿತಿಗಳನ್ನು ಕಥೆ ಕೇಳುವ ಮುಂಚೆ ಹೇಳಬೇಕು. ಇದನ್ನು ನಾವು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. 17 ವರ್ಷದ ಹುಡುಗಿ ಬಂದು ಅಳುತ್ತಾಳೆ, ಸಮಾಲೋಚಕರು ಕರಗಿ "ಯಾರ ಮುಂದೂ ಹೇಳೂದಿಲ್ಲವಾ" ಎನ್ನುತ್ತಾರೆ. ಅವಳು ಮದುವೆಯಾಗಿದ್ದಾಳೆ, ಗರ್ಭಿಣಿ ಎಂಬುದು ಆಮೇಲೆ ಗೊತ್ತಾಗುತ್ತದೆ. 18 ವರ್ಷದೊಳಗಿನವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ 2012ರ ಸೆಕ್ಷನ್ 19ರ ಪ್ರಕಾರ ಆ ಮಾಹಿತಿಯನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರಡಿ ಶಿಕ್ಷೆಯಿದೆ. ಕೊಟ್ಟ ಮಾತು ಮುರಿದಾಗ ಅವಳು ಇನ್ನು ಯಾರನ್ನೂ ನಂಬದಂತಾಗುತ್ತಾಳೆ. ಅದರ ಬದಲು ಮೊದಲೇ ಹೀಗೆ ಹೇಳಿ: "ನೀ ಹೇಳಿದ್ದು ನನ್ನ ಕಡೇನ ಇರತೈತಿ. ಖರೆ, ನಿನ್ನ ಜೀವಕ್ಕ ಅಪಾಯ ಇದ್ರ, ಇಲ್ಲಾ 18 ವರ್ಷದೊಳಗಿನವರಿಗೆ ಅನ್ಯಾಯ ಆಗಿದ್ರ, ನಾ ಹೇಳಬೇಕಾಗತೈತಿ. ಹೇಳೂ ಮುಂದ ನಿನಗ ತಿಳಿಸೇ ಹೇಳತೀನಿ."

ಗೋಪ್ಯತೆ ಸೋರುವುದು ಹೆಚ್ಚಾಗಿ ಸಣ್ಣ ಜಾಗಗಳಲ್ಲಿ. ಕಾರಿಡಾರಿನಲ್ಲಿ ಹೆಸರು ಕೂಗಿ "ಮನೋರೋಗ ವಿಭಾಗ" ಎನ್ನುವುದು. ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರು. ಅದೇ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳದೆ ಒಳಗೆ ಕರೆಯುವುದು. ಭಾಷೆಯದೂ ಒಂದಿದೆ: ಗದಗದ ತಾಂಡಾಗಳಿಂದ ಬಂದ ಲಂಬಾಣಿ ಮಾತಿನ ಅಜ್ಜಿ, ಹುಬ್ಬಳ್ಳಿ ಅಥವಾ ಸವಣೂರಿನ ಉರ್ದು ಮಾತಿನ ತಾಯಿ. ಇವರ ಮಾತು ಹೇಳಿಸಲು ಎದುರಿಗಿರುವ ಹತ್ತು ವರ್ಷದ ಮೊಮ್ಮಗನನ್ನು ಬಳಸಬೇಡಿ. ಅಜ್ಜಿ ಹೇಳಬೇಕಾದದ್ದನ್ನು ನುಂಗುತ್ತಾಳೆ, ಮಗು ಹೊರಬಾರದ್ದನ್ನು ಹೊರುತ್ತದೆ. ಆ ಭಾಷೆ ಬಲ್ಲ ಆಸ್ಪತ್ರೆ ಸಿಬ್ಬಂದಿಯನ್ನು ಹುಡುಕಿ, ಗೋಪ್ಯತೆಯ ಮಾತನ್ನು ಅವರಿಗೂ ಹೇಳಿ ಕೂರಿಸಿಕೊಳ್ಳಿ.

ಬ್ಯಾಸರ ಎಂದರೆ ಏನು?

ನಮ್ಮಲ್ಲಿ "ಖಿನ್ನತೆ" ಎಂದು ಹೇಳಿಕೊಂಡು ಯಾರೂ ಬರುವುದಿಲ್ಲ. "ಎದಿ ಒಜ್ಜಾಗೈತಿ", "ತಲಿ ಗಿಂವ್ ಅಂತೈತಿ", "ಕೈಕಾಲಾಗ ಶಕ್ತಿನ ಇಲ್ಲ", "ಬಾಯಾಗ ರುಚಿ ಇಲ್ಲ", "ಮನಸ್ಸಿಗೆ ಹಚ್ಚಿಕೊಂಡೀನಿ" ಎನ್ನುತ್ತಾರೆ. ಮನಸ್ಸಿನ ನೋವನ್ನು ಮೈಯ ಮೂಲಕ ಹೇಳುವುದು ಅಜ್ಞಾನವಲ್ಲ, ಅದೇ ಅವರ ನಿಖರ ಭಾಷೆ. ಟಿಪ್ಪಣಿಯಲ್ಲಿ ಮೊದಲು ಅವರ ಮಾತನ್ನೇ ಬರೆಯಿರಿ, ನಿಮ್ಮ ಪಾರಿಭಾಷಿಕ ಪದವನ್ನು ಅದರ ಪಕ್ಕದಲ್ಲಿ. ಎದೆ ಭಾರ ಎಂದವರಿಗೆ ಹೃದಯದ ತಪಾಸಣೆ, ಸುಸ್ತು ಎಂದವರಿಗೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಎಲ್ಲವನ್ನೂ ಮನಸ್ಸಿಗೆ ಕಟ್ಟುವುದೂ ಅನ್ಯಾಯವೇ.

"ಬ್ಯಾಸರ" ಎಂಬ ಒಂದು ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಹೊತ್ತು ಹೋಗದ್ದೂ ಬ್ಯಾಸರ, ದುಃಖವೂ ಬ್ಯಾಸರ, ಇನ್ನೊಬ್ಬರ ಮಾತಿಗೆ ನೊಂದದ್ದೂ ಬ್ಯಾಸರ, ಬದುಕೇ ಬೇಡವೆನಿಸುವುದೂ ಬ್ಯಾಸರ. "ಬ್ಯಾಸರ ಆಗತೈತೇನ್ರಿ?" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಹೌದು ಎಂದಾರು. ಅದರಿಂದ ಏನೂ ತಿಳಿಯುವುದಿಲ್ಲ. ಯಾವುದರ ಮೇಲೆ, ಎಷ್ಟು ದಿನದಿಂದ, ದಿನದಲ್ಲಿ ಎಷ್ಟು ಹೊತ್ತು ಎಂದು ಬಿಡಿಸಿ ಕೇಳಬೇಕು.

ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಬಳಸುವಾಗ ಇದೇ ತೊಡಕು ಬರುತ್ತದೆ. ಅದರಲ್ಲಿ 9 ಪ್ರಶ್ನೆ, ಹಿಂದಿನ 2 ವಾರದ ಬಗ್ಗೆ, ಪ್ರತಿಯೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಐದು ಮುಟ್ಟಿದರೆ ಸೌಮ್ಯ, 10 ಮಧ್ಯಮ, 15 ಮಧ್ಯಮಕ್ಕಿಂತ ಹೆಚ್ಚು, 20 ಮತ್ತು ಮೇಲೆ ತೀವ್ರ. ಇದು ರೋಗನಿರ್ಣಯವಲ್ಲ, ಮುಂದೆ ಯಾರ ಹತ್ತಿರ ಕಳಿಸಬೇಕು ಎಂಬುದಕ್ಕೆ ದಾರಿದೀಪ. ಓದಲು ಬಾರದವರಿಗೆ ಪ್ರಶ್ನೆಯನ್ನು ಅಚ್ಚಾದಂತೆಯೇ ಓದಿ, ಆಮೇಲೆ ಬಿಡಿಸಿ ಹೇಳಿ. ಪ್ರಶ್ನೆಯನ್ನೇ ಬದಲಿಸಿದರೆ ಅಂಕಕ್ಕೆ ಅರ್ಥ ಉಳಿಯುವುದಿಲ್ಲ. ಮೊದಲನೇ ಪ್ರಶ್ನೆ ಕೆಲಸದಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ ಎಂಬುದು. "ಆಸಕ್ತಿ" ಎಂಬ ಮಾತು ನರಗುಂದದ ರೈತ ಮಹಿಳೆಗೆ ತಟ್ಟುವುದಿಲ್ಲ. ಶ್ರಾವಣ ಕಳೆದಿದ್ದರೆ "ಈ ಸಲ ಪಂಚಮಿಗೆ ಉಂಡಿ ಕಟ್ಟಿದ್ರೇನ್ರಿ? ಹ್ವಾದ ವರ್ಷ?" ಎಂದು ಕೇಳಿ ನೋಡಿ. ಹೋದ ವರ್ಷ ಐದು ಬಗೆ ಉಂಡಿ ಕಟ್ಟಿ ಓಣಿಗೆಲ್ಲ ಹಂಚಿದವಳು, ಈ ವರ್ಷ ಶೇಂಗಾ ಹುರಿಯಲೂ ಒಲೆ ಮುಂದೆ ಕೂರಲಿಲ್ಲ ಎಂದರೆ, ಆ ಪ್ರಶ್ನೆ ಅವಳಿಗೆ ಅರ್ಥವಾಯಿತು ಎಂದು ತಿಳಿಯಿರಿ. ಆಮೇಲೆ 2 ವಾರದ ಮಾತಿಗೆ ಬನ್ನಿ.

ಗಾಳಿ, ಮಾಟ, ಗುಳಿಗೆ

"ಗಾಳಿ ಬಡದೈತ್ರಿ", "ಯಾರೋ ಮಾಡಿಸ್ಯಾರ್ರಿ", "ಮೈಯಾಗ ದೇವರ ಬರತೈತಿ." ಇದನ್ನು ಕೇಳಿ ನಗುವುದೂ ತಪ್ಪು, ಹೌದೌದು ಎಂದು ತಲೆಯಾಡಿಸುವುದೂ ತಪ್ಪು. 2013ರಲ್ಲಿ ಬಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲಿ ಸಂಸ್ಕೃತಿಯ ಹಿನ್ನೆಲೆ ಕೇಳಲೆಂದೇ 16 ಪ್ರಶ್ನೆಗಳ ಸಂದರ್ಶನವಿದೆ. ಅದರ ತಿರುಳನ್ನು ನಮ್ಮ ಮಾತಿನಲ್ಲಿ ನಾಲ್ಕಕ್ಕೆ ಇಳಿಸಬಹುದು: ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಯಾಕೆ ಆಯಿತು ಎನಿಸುತ್ತದೆ? ಇಲ್ಲಿಯವರೆಗೆ ಎಲ್ಲೆಲ್ಲಿ ತೋರಿಸಿದಿರಿ, ಯಾವುದರಿಂದ ಹಗುರಾಯಿತು? ಈಗ ನಮ್ಮಿಂದ ಏನು ಆಗಬೇಕು? ಜೊತೆಗೆ ಬಂದವರಿಗೂ ಇದೇ ಪ್ರಶ್ನೆ ಕೇಳಿ. ಮಗ "ನಿದ್ದಿ ಇಲ್ಲ" ಎಂದರೆ ಅಪ್ಪ "ಮಾಟ" ಎನ್ನಬಹುದು. ಗುಳಿಗೆ ನಿಲ್ಲಿಸುವ ಅಥವಾ ಮುಂದುವರಿಸುವ ತೀರ್ಮಾನ ಅಪ್ಪನದಾಗಿದ್ದರೆ, ಅಪ್ಪನ ವಿವರಣೆಯೂ ಫೈಲಿನಲ್ಲಿರಬೇಕು.

ಮಠಕ್ಕೆ, ದರ್ಗಾಕ್ಕೆ ಹೋಗಿ ಬರುವುದನ್ನು ಬಿಡಿಸಬೇಕಿಲ್ಲ. "ಹರಕೀನೂ ತೀರಸ್ರಿ, ಗುಳಗೀನೂ ಬಿಡಬ್ಯಾಡ್ರಿ" ಎಂಬ ಮಾತು ಬಹಳ ಮನೆಗಳಲ್ಲಿ ಚಿಕಿತ್ಸೆಯನ್ನು ಉಳಿಸುತ್ತದೆ. ಆದರೆ ಹರಕೆಯ ವಿವರ ಕೇಳಲೇಬೇಕು. ಲಿಥಿಯಂ (ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಗುಳಿಗೆ) ತೆಗೆದುಕೊಳ್ಳುವವರು ಉಪ್ಪು ಬಿಟ್ಟು ವ್ರತ ಹಿಡಿದರೆ, ಬೇಸಿಗೆಯಲ್ಲಿ ನೀರಿಲ್ಲದೆ ಉಪವಾಸ ಮಾಡಿದರೆ, ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು ಅದರ ಸೂಚನೆ, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಂಜಾನ್ ಉಪವಾಸಕ್ಕೂ ಇದೇ ಎಚ್ಚರ. ಡೋಸು ಬದಲಿಸುವುದು ಸಮಾಲೋಚಕರ ಕೆಲಸವಲ್ಲ. ವ್ರತದ ತಾರೀಖನ್ನು ಮುಂಚೆಯೇ ವೈದ್ಯರಿಗೆ ತಿಳಿಸುವುದು ಖಂಡಿತ ನಮ್ಮ ಕೆಲಸ.

ಹೊಡೆತ, ಬರೆ, ಸರಪಳಿ ಬಂದಲ್ಲಿ ನಂಬಿಕೆಯ ಮಾತು ಮುಗಿಯುತ್ತದೆ. 2017ರ ಕಾಯ್ದೆಯ ಸೆಕ್ಷನ್ 95 ಮಾನಸಿಕ ಕಾಯಿಲೆಯವರನ್ನು ಯಾವುದೇ ರೂಪದಲ್ಲಿ ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಆದರೂ ಕಟ್ಟಿಹಾಕಿದ ತಾಯಿಯನ್ನು ಅಪರಾಧಿಯಂತೆ ಕಾಣಬೇಡಿ. ಹೊಲಕ್ಕೆ ಹೋಗುವಾಗ ಮಗ ಎಲ್ಲಾದರೂ ಹೋಗಿಬಿಟ್ಟಾನು ಎಂಬ ಭಯಕ್ಕೆ ಕಟ್ಟಿರುತ್ತಾಳೆ. ಹಗಲು ಅವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಸಿಗದೆ ಸರಪಳಿ ಕಳಚುವುದಿಲ್ಲ.

ಅಡ್ಡಹೆಸರು, ಖಾರಪುಡಿ, ಅಯ್ಯೋ ಪಾಪ

"ನಿಮ್ಮ ಅಡ್ಡಹೆಸರೇನ್ರಿ?" ಎಂದು ಬಂದವರು ನಿಮ್ಮನ್ನೇ ಕೇಳುತ್ತಾರೆ. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಹೆಚ್ಚಾಗಿ ಜಾತಿ ತಿಳಿಯುತ್ತದೆ. ಸಿಟ್ಟಾಗಬೇಡಿ. ಇವರ ಮುಂದೆ ಮನೆಯ ಮಾತು ಆಡಬಹುದೇ ಎಂದು ಅಳೆಯುವ ರೀತಿ ಅದು. ಕೆಳಗೆ ತಳ್ಳಲ್ಪಟ್ಟ ಸಮುದಾಯದವರಿಗಂತೂ ಆ ಅಳತೆ ಆತ್ಮರಕ್ಷಣೆ. ಹೆಸರು ಹೇಳಿ, ಕೂಡಲೇ "ಅದರಿಂದ ನಿಮಗ ಮಾತಾಡಾಕ ಏನರ ಅಡಚಣಿ ಅನಿಸಿದ್ರ ಹೇಳ್ರಿ" ಎಂದು ಕೇಳಿ.

ಬ್ಯಾಡಗಿ ಕಡೆಯವರು ಖಾರಪುಡಿ ತರುತ್ತಾರೆ, ಧಾರವಾಡದವರು ಪೇಡೆ. ತಿನ್ನುವ ಸಣ್ಣ ವಸ್ತುವನ್ನು ತಿರಸ್ಕರಿಸಿದರೆ ಮನಸ್ಸು ಮುರಿಯುತ್ತದೆ. ಸಿಬ್ಬಂದಿಯೊಂದಿಗೆ ಹಂಚಿಕೊಂಡು ಫೈಲಿನಲ್ಲಿ ಬರೆದಿಡಿ. ಹಣ, ಬಂಗಾರ ಎಂದೂ ಬೇಡ. ಉನ್ಮಾದದ (ಮಿತಿಮೀರಿದ ಹುರುಪಿನ) ಹಂತದಲ್ಲಿರುವವರು ಕೈಬಿಚ್ಚಿ ಕೊಡುವ ಏನನ್ನೂ ಮುಟ್ಟಬೇಡಿ, ಮನೆಯವರ ಕೈಗೆ ಮರಳಿಸಿ.

ಕರುಣೆಯ ಬಗ್ಗೆ ಒಂದೇ ಮಾತು: "ಅಯ್ಯೋ ಪಾಪ" ಎಂದ ಕೂಡಲೇ ಎದುರಿಗಿದ್ದವರು ಚಿಕ್ಕವರಾಗುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ ಪರಾನುಭೂತಿ, ಷರತ್ತಿಲ್ಲದ ಗೌರವ ಮತ್ತು ಒಳಗೊಂದು ಹೊರಗೊಂದು ಇಲ್ಲದಿರುವಿಕೆ ನಮ್ಮಲ್ಲಿ ಮೊದಲು ಕಾಣುವುದು "ರೀ" ಎಂಬುದರಲ್ಲಿ. ಬಡ ಮುದುಕಿಯನ್ನು "ನೀ" ಎಂದು, ಅವಳ ಜೊತೆ ಬಂದ ಪ್ಯಾಂಟಿನ ಮೊಮ್ಮಗನನ್ನು "ನೀವು" ಎಂದು ಕರೆದರೆ ಉಳಿದ ತರಬೇತಿಯೆಲ್ಲ ವ್ಯರ್ಥ.

ಸಾಕಾಗೈತಿ ಎಂದಾಗ

"ಸಾಕಾಗಿಬಿಟ್ಟೈತ್ರಿ" ಎಂಬುದನ್ನು ದಾಟಿ ಹೋಗಬೇಡಿ. ಸಾಯುವ ವಿಚಾರ ಕೇಳುವ ಪಿಎಚ್‌ಕ್ಯೂವಿನ 9ನೇ ಪ್ರಶ್ನೆಗೆ 1 ಅಂಕ ಬಂದರೂ ಅಲ್ಲೇ ನಿಲ್ಲಿ. ನೇರ ಕೇಳಿದರೆ ಆ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂಬುದು ಸುಳ್ಳು. "ಸಾಕಾಗೈತಿ ಅಂದ್ರ, ಜೀವಾನ ಬ್ಯಾಡ ಅನ್ನಸತೈತೇನ್ರಿ?" ಎಂದು ಕೇಳಿ. ಹೌದು ಎಂದರೆ ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದ್ದು ಮನೆಯಲ್ಲಿದೆಯೇ, ಮುಂಚೆ ಪ್ರಯತ್ನಿಸಿದ್ದರೇ ಎಂದು ಕ್ರಮವಾಗಿ ಕೇಳಿ.

ಅಮೆರಿಕದ ಮನಃಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯಲ್ಲಿ 6 ಹೆಜ್ಜೆ: ಮುನ್ಸೂಚನೆಗಳು, ಒಬ್ಬರೇ ಮಾಡಬಹುದಾದದ್ದು, ಮನಸ್ಸು ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೈದ್ಯರು ಮತ್ತು ಸಹಾಯವಾಣಿ, ಮನೆಯನ್ನು ಸುರಕ್ಷಿತ ಮಾಡುವುದು. ಬಂದವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆಯಿಸಿ. ಓದಲು ಬಾರದವರಿದ್ದರೆ ಅವರ ಮೊಬೈಲಿನಲ್ಲಿ ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಡಿ. ಆರನೇ ಹೆಜ್ಜೆ ನಮ್ಮ ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹೊಲಕ್ಕೆ ಹೊಡೆದು ಉಳಿದ ಎಣ್ಣಿ (ಕೀಟನಾಶಕ) ಡಬ್ಬಿ ಜೋಳದ ಚೀಲದ ಹಿಂದೆಯೇ ಇರುತ್ತದೆ. ಅಟ್ಟದ ಮೇಲೆ ಮುಚ್ಚಿಟ್ಟರೆ ಸಾಲದು, ಮನೆಯಿಂದ ಹೊರಗೆ ಹೋಗಬೇಕು. ಬೇರೆ ಮನೆಯ ಸಂಬಂಧಿಕರ ಕೀಲಿಯೊಳಗೆ ಇಡಲಿ, ಮುಂದೆ ಆ ಸಲಕ್ಕೆ ಬೇಕಾದಷ್ಟೇ ತರಲಿ. ಸಂಕಟದ ಆ ಗಳಿಗೆ ಬಹಳ ಸಲ ಕೆಲ ಹೊತ್ತಿನಲ್ಲಿ ಇಳಿಯುತ್ತದೆ. ಡಬ್ಬಿ ದೂರವಿದ್ದಷ್ಟೂ ಆ ಹೊತ್ತು ದಾಟುತ್ತದೆ.

ಮೊದಲು ಹೊರಗೆ ಕೂರಿಸಿದ ಅತ್ತೆ, ಅಣ್ಣ, ಅಪ್ಪ ಈಗ ಒಳಗೆ ಬರಬೇಕು. ಡಬ್ಬಿಯನ್ನು ಎತ್ತಿಡುವವರು, ರಾತ್ರಿ ಜೊತೆ ಮಲಗುವವರು ಅವರೇ. "ನಿಮ್ಮ ಜೀವದ ಮಾತು ಅವರಿಗೆ ಹೇಳತೀನಿ, ಉಳಿದದ್ದು ಇಲ್ಲೇ ಇರತೈತಿ" ಎಂದು ತಿಳಿಸಿಯೇ ಕರೆಯಿರಿ. ಅವರ ಮೊದಲ ಪ್ರಶ್ನೆ "ಪೊಲೀಸ್ ಕೇಸ್ ಆಗತೈತೇನ್ರಿ?" ಎಂಬುದಾಗಿರುತ್ತದೆ. 2017ರ ಅದೇ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 115ರ ಪ್ರಕಾರ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆದರೆ ಅದು ದಾಖಲೆ, ಶಿಕ್ಷೆಯಲ್ಲ. ಇದನ್ನು ಹೇಳದಿದ್ದರೆ ಹೆದರಿ ಆಸ್ಪತ್ರೆಗೇ ತರದವರಿದ್ದಾರೆ.

ಕಳಿಸುವಾಗ ಬರಿ "ಧಾರವಾಡಕ್ಕ ಹೋಗ್ರಿ" ಎನ್ನಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರಲಿ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗದ ಜಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರಲಿ, ಯಾವ ವಾರ, ಎಷ್ಟು ಗಂಟೆಗೆ, ಯಾವ ಕೌಂಟರಿನಲ್ಲಿ ಚೀಟಿ, ಯಾರು ಜೊತೆ ಹೋಗುತ್ತಾರೆ ಎಂಬುದನ್ನು ಚೀಟಿಯ ಹಿಂದೆ ಬರೆದುಕೊಡಿ. ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆಯಿರಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವರು ಎದ್ದು ಹೋಗುವ ಮುಂಚೆ ಆ ಸಂಖ್ಯೆಯನ್ನು ಬಂದವರ ಮೊಬೈಲಿನಲ್ಲೂ, ಜೊತೆಗೆ ಬಂದವರ ಮೊಬೈಲಿನಲ್ಲೂ ಅವರ ಕೈಯಿಂದಲೇ ಉಳಿಸಿಕೊಳ್ಳುವಂತೆ ಮಾಡಿ.