ಅಂಬರಿನೊಳಗಿನ ನೊಣಕ್ಕೆ ಹೊಸ ಕುಲ

ಅಂಬರಿನಲ್ಲಿ, ಅಂದರೆ ಗಟ್ಟಿಯಾಗಿ ಉಳಿದ ಪ್ರಾಚೀನ ಮರದ ರಾಳದಲ್ಲಿ, ಹೊಸ ಪ್ರಭೇದದ ನೊಣ ಸಿಕ್ಕರೆ ಅದನ್ನು ಗೊತ್ತಿರುವ ಯಾವುದೋ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ಸೇರಿಸಬಹುದು. ಕುಲವೇ ಹೊಸದು ಎನ್ನಬೇಕಾದರೆ ಮಾತ್ರ, ಅದು ಸೇರುವ ಕುಟುಂಬದ (ಹಲವು ಕುಲಗಳ ದೊಡ್ಡ ಗುಂಪಿನ) ಬದುಕಿರುವ ಮತ್ತು ಅಳಿದ ಯಾವ ಕುಲದಲ್ಲೂ ಅದು ಕೂರುವುದಿಲ್ಲ ಎಂದು ತೋರಿಸಿಕೊಡಬೇಕು.

ಸಾಕ್ಷ್ಯದ ಬಹುಪಾಲು ರೆಕ್ಕೆಯಲ್ಲಿದೆ: ನರಗಳು ಎಲ್ಲಿ ಕವಲೊಡೆಯುತ್ತವೆ, ಯಾವ ಅಡ್ಡನರ ಇಲ್ಲ, ಅಂಚಿನ ನರ ಎಲ್ಲಿಗೆ ನಿಲ್ಲುತ್ತದೆ. ಇವು ಕಾಣಬೇಕಾದರೆ ಅಂಬರನ್ನು ರೆಕ್ಕೆಗೆ ಸಮಾನಾಂತರವಾಗಿ ಕೊಯ್ದು, 800ರಿಂದ 5000 ನಂಬರಿನವರೆಗಿನ ವಾಟರ್ ಪೇಪರಿನಲ್ಲಿ ನೀರು ಹಾಕುತ್ತಾ ಉಜ್ಜಬೇಕು. ನೀರು ಕಡಿಮೆಯಾದರೆ ಕಾವು ಏರಿ ಮೇಲ್ಮೈ ಜಿಗುಟಾಗುತ್ತದೆ. ಉಳಿದ ಗೀರುಗಳ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ ಕವರ್ ಗ್ಲಾಸ್ ಇಟ್ಟರೆ ಅವು ಬಹುಮಟ್ಟಿಗೆ ಮಾಯ. ಅಂಬರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.54, ಗ್ಲಿಸರಿನ್‌ದು 1.47; ಎರಡೂ ಹತ್ತಿರ ಇರುವುದರಿಂದ ಬೆಳಕು ಹೆಚ್ಚು ಚದುರುವುದಿಲ್ಲ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯ ಅಂಬರು 5 ಕೋಟಿ ವರ್ಷಕ್ಕೂ ಹಳೆಯದಾದರೂ ಮೆತ್ತಗಿನದು, ಸಾವಯವ ದ್ರಾವಕಗಳಲ್ಲಿ ಕರಗುತ್ತದೆ. ಅದನ್ನು ಮೊದಲು ಎಪಾಕ್ಸಿಯಲ್ಲಿ ಹುದುಗಿಸಿಯೇ ಕೊಯ್ಯುವುದು ಕ್ಷೇಮ.

ಬಾಲ್ಟಿಕ್ ಅಂಬರಿನ ತೊಂದರೆ ಬೇರೆ. ಕೊಳೆತ ದೇಹದಿಂದ ಹೊರಟ ದ್ರವ ಮತ್ತು ಅನಿಲ ಸಣ್ಣ ಗುಳ್ಳೆಗಳಾಗಿ, ಕೀಟದ ಒಂದು ಪಕ್ಕಕ್ಕೆ ಬಿಳಿ ಪೊರೆಯಂತೆ ಅಂಟಿರುತ್ತವೆ. ಎಷ್ಟು ಉಜ್ಜಿದರೂ ಹೋಗದು. ಸಿಟಿ ಸ್ಕ್ಯಾನೇ ಗತಿ. ರಾಳದ ಬಿರುಕೂ ರೆಕ್ಕೆಯ ಮಡಿಕೆಯೂ ನರದಂತೆಯೇ ಕಾಣುವುದುಂಟು. ಆದ್ದರಿಂದ ಒಂದು ಲಕ್ಷಣ ಎರಡೂ ರೆಕ್ಕೆಗಳಲ್ಲಿ ಕಂಡರಷ್ಟೇ ನೆಚ್ಚಬೇಕು. ಒಂದೇ ರೆಕ್ಕೆಯ ಒಂದೇ ನರದ ಮೇಲೆ ಕುಲ ಕಟ್ಟುವುದು ಅವಸರದ ಕೆಲಸ.

ಅಂಬರಿನೊಳಗಿನ ನೊಣ ಅಸಲಿಯೇ ಎಂಬುದೂ ಮುಖ್ಯ. ಇಂದಿಗೂ ಬದುಕಿರುವ ಫಾನಿಯಾ ಸ್ಕಲಾರಿಸ್ ಎಂಬ ನೊಣ ಬಾಲ್ಟಿಕ್ ಅಂಬರಿನಲ್ಲೂ ಇದೆಯೆಂದು 1966ರಲ್ಲಿ ಜರ್ಮನ್ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್‌ನಂಥ ಘಟಾನುಘಟಿಯೇ ಬರೆದಿದ್ದ. 1993ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಆಂಡ್ರ್ಯೂ ರಾಸ್ ಅದನ್ನು ನೋಡುತ್ತಿದ್ದಾಗ, ಸೂಕ್ಷ್ಮದರ್ಶಕದ ದೀಪದ ಬಿಸಿಗೆ ನೊಣದ ಸುತ್ತ ಬಿರುಕು ಮೂಡಿತು. ಯಾರೋ ಅಂಬರನ್ನು ಎರಡು ಹೋಳು ಮಾಡಿ, ಗುಳಿ ತೋಡಿ, ನೊಣವಿಟ್ಟು ಮತ್ತೆ ಅಂಟಿಸಿದ್ದರು.

ಕೊನೆಗೆ ಹೆಸರು. ಹೊಸ ಕುಲಕ್ಕೆ ಮಾದರಿ ಪ್ರಭೇದವೊಂದನ್ನು ಗೊತ್ತುಪಡಿಸದಿದ್ದರೆ ಪ್ರಾಣಿಗಳ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೆಸರು ಊರ್ಜಿತವಾಗದು. ಆ ಪ್ರಭೇದವೂ ಹೊಸದಾದರೆ ಅದರ ಮೂಲ ಮಾದರಿ (ಹೆಸರಿಗೆ ಆಧಾರವಾದ ನೊಣ) ಯಾವ ಸಂಗ್ರಹಾಲಯದಲ್ಲಿದೆ ಎಂದೂ ಬರೆಯಬೇಕು. ಪ್ರಬಂಧ ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವುದಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕಿನಲ್ಲಿ ನೋಂದಣಿ ಕಡ್ಡಾಯ. ಇಟ್ಟ ಹೆಸರು ಯಾವುದೋ ಜೀರುಂಡೆಯ ಕುಲಕ್ಕೆ ಮೊದಲೇ ಇದ್ದರೆ ಬದಲಿಸಲೇಬೇಕು. ಸಸ್ಯದ ಕುಲಕ್ಕಿದ್ದರೆ ಅಡ್ಡಿಯಿಲ್ಲ.