ಲೋಡ್ ಇದ್ದಾಗ ಮಾತ್ರ ಆಫ್ ಆಗುವ ಗಾಡಿ

ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬಂದರೆ ಅದು ಟೊಮೆಟೊ ಗಾಡಿಯವರದ್ದೇ ಅಂತ ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಈ ಸಲ ಫೋನ್ ಮಾಡಿದವನದು ಹಳೇ ಡೀಸೆಲ್ ಪಿಕಪ್. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಬಾಡಿಗೆ ಹೊಡೆಯುತ್ತದೆ. ಓಡುತ್ತಾ ಓಡುತ್ತಾ ಎಂಜಿನ್ ತಾನಾಗಿ ಆಫ್ ಆಗುತ್ತದೆ. ಆಗ ಸೆಲ್ಫ್ ಕೂಡ ಕಟ್ ಅನ್ನುವುದಿಲ್ಲ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಅಷ್ಟರಲ್ಲಿ ಅಲ್ಲಿ ಹರಾಜು ಶುರುವಾಗಿರುತ್ತದೆ.

ನನ್ನ ಹತ್ತಿರ ಬರುವಷ್ಟರಲ್ಲಿ ಆ ಹುಡುಗ ಹೊಸ ಬ್ಯಾಟರಿ ಹಾಕಿಸಿದ್ದ. ಡೈನಮೋ ರಿಪೇರಿ ಮಾಡಿಸಿದ್ದ. ಇಗ್ನಿಷನ್ ಸ್ವಿಚ್ ಹೊಸದು, ಡೀಸೆಲ್ ಪಂಪಿನ ಸೊಲೆನಾಯ್ಡ್ ಹೊಸದು. ಮಾಡಿದವರನ್ನು ನಾನು ಬೈಯುವುದಿಲ್ಲ. ಇಂಥ ಗಾಡಿ ಗ್ಯಾರೇಜಿಗೆ ಬಂದು ನಿಂತಾಗ ಗಿಣಿ ಹಾಗೆ ಚೆನ್ನಾಗಿರುತ್ತದೆ. ಕಾಣದೇ ಇರುವ ಫಾಲ್ಟನ್ನು ಹಿಡಿಯುವುದು ಹೇಗೆ? ಗಿರಾಕಿ ಪಕ್ಕದಲ್ಲೇ ನಿಂತಿರುತ್ತಾನೆ, ಏನಾದರೂ ಮಾಡಲೇಬೇಕು. ಕೈ ತಾನಾಗಿ ಪಾರ್ಟ್ ಬದಲಾಯಿಸುವ ಕಡೆ ಹೋಗುತ್ತದೆ.

ಹಳೇ ಡೀಸೆಲ್ ಎಂಜಿನ್ ಓಡಲು ಕರೆಂಟೇ ಬೇಡ ಅನ್ನುತ್ತಾರೆ. ಮುಕ್ಕಾಲು ಪಾಲು ನಿಜ. ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಕಂಪ್ಯೂಟರ್ ಇಲ್ಲ. ಆದರೆ ಈ ಗಾಡಿಯ ಪಂಪಿನ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಸೊಲೆನಾಯ್ಡ್ ಒಂದು ಕೂತಿದೆ. ಕೀ ಆನ್ ಇರುವಷ್ಟು ಹೊತ್ತೂ ಅದಕ್ಕೆ 12 ವೋಲ್ಟ್ ಹೋಗುತ್ತಲೇ ಇರಬೇಕು. ಆ ಲೈನ್ ಕಟ್ ಆದರೆ ಅದು ಡೀಸೆಲ್ ದಾರಿ ಮುಚ್ಚಿಬಿಡುತ್ತದೆ. ಇದು ಸುಮ್ನೆ ತಲೆನೋವಿನ ವಿಷಯ ಅಲ್ಲ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಹಿಂದೆ ಟನ್ನುಗಟ್ಟಲೆ ಟೊಮೆಟೊ.

ಬಾನೆಟ್ ಎತ್ತುವ ಮೊದಲು ಅವನನ್ನು ಕೂರಿಸಿ ಟೀ ತರಿಸಿದೆ.

"ಯಾವಾಗ ಆಫ್ ಆಗುತ್ತಪ್ಪಾ?"

"ಲೋಡ್ ಇದ್ದಾಗ ಮಾತ್ರ ಅಣ್ಣಾ. ಖಾಲಿ ಬರೋವಾಗ ಒಂದು ದಿನಾನೂ ಆಗಿಲ್ಲ."

"ಆಫ್ ಆದಾಗ ಮೀಟರ್ ಬೋರ್ಡಿನಲ್ಲಿ ಲೈಟ್ ಇರುತ್ತಾ?"

ಅದು ಗೊತ್ತಿರಲಿಲ್ಲ. ಗೊತ್ತಿರುವುದಿಲ್ಲ ಬಿಡಿ. ಕತ್ತಲಲ್ಲಿ ಗಾಡಿ ನಿಂತರೆ ಯಾರಾದರೂ ಮೊದಲು ಕೀ ತಿರುಗಿಸುತ್ತಾರೆ, ಆಮೇಲೆ ದೇವರನ್ನು ನೆನೆಯುತ್ತಾರೆ. ಹಾಗಾಗಿ ಒಂದೇ ಕೆಲಸ ಹೇಳಿ ಕಳಿಸಿದೆ. ಮುಂದಿನ ಸಲ ಆಫ್ ಆದಾಗ ಗಾಡಿ ಪಕ್ಕಕ್ಕೆ ಹಾಕು, ಕೀ ಮುಟ್ಟಬೇಡ. ಹಾರ್ನ್ ಹೊಡಿ. ಹೆಡ್‌ಲೈಟ್ ನೋಡು. ಬ್ಯಾಟರಿ ಲೈಟ್, ಆಯಿಲ್ ಲೈಟ್ ನೋಡು. ಕಂಡಿದ್ದನ್ನು ಅಲ್ಲೇ ವಾಟ್ಸಾಪಿನಲ್ಲಿ ಮಾತಾಡಿ ಕಳಿಸು.

ಮೂರನೇ ದಿನ ವಾಯ್ಸ್ ಮೆಸೇಜ್ ಬಂತು. "ಹಾರ್ನ್ ಹೊಡೀತಿದೆ ಅಣ್ಣಾ, ಹೆಡ್‌ಲೈಟ್ ಉರೀತಿದೆ. ಮೀಟರಲ್ಲಿ ಒಂದು ಲೈಟೂ ಇಲ್ಲ. ಆ ಎಕ್ಸ್‌ಟ್ರಾ ಲೈಟೂ ಹೋಗಿದೆ. ಬೇಗ ಹೇಳಿ, ಲೇಟಾಗ್ತಿದೆ."

ಈ ಹದಿನೈದು ಸೆಕೆಂಡಿನ ಮಾತು ಅವನು ಅಷ್ಟೂ ದಿನ ಹಾಕಿಸಿದ ಪಾರ್ಟುಗಳಿಗಿಂತ ಜಾಸ್ತಿ ಬೆಲೆಯದು. ಈ ಗಾಡಿಯಲ್ಲಿ ಹಾರ್ನೂ ಹೆಡ್‌ಲೈಟೂ ಕೀ ಹಂಗಿಲ್ಲದೆ ಕೆಲಸ ಮಾಡುತ್ತವೆ. ಅವು ಸರಿ ಇವೆ ಅಂದರೆ ಬ್ಯಾಟರಿ, ಅದರ ಟರ್ಮಿನಲ್, ಮುಖ್ಯ ಅರ್ಥ್ ಎಲ್ಲ ಸರಿ. ಮೀಟರ್, ಸೆಲ್ಫ್, ಸೊಲೆನಾಯ್ಡ್ ಮೂರೂ ಒಟ್ಟಿಗೆ ಸತ್ತಿವೆ. ಮೂರಕ್ಕೂ ಕರೆಂಟ್ ಕೊಡುವ ದಾರಿ ಒಂದೇ, ಇಗ್ನಿಷನ್ ಸ್ವಿಚ್ಚಿನ ಕೆಂಪು ವೈರು. ಸ್ವಿಚ್ ಹೊಸದು. ಹಾಗಾದರೆ ಅದಕ್ಕೆ ಬಂದು ಸೇರುವ ದಾರಿಯಲ್ಲೇ ಎಲ್ಲೋ ಕಟ್ ಆಗುತ್ತಿದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವಸರದಲ್ಲಿ ಆ ಮೆಸೇಜಿನ ಒಂದು ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. 'ಲೋಡ್ ಇದ್ದಾಗ ಮಾತ್ರ' ಅನ್ನುವುದೇ ತಲೆಯಲ್ಲಿ ಕೂತಿತ್ತು. ಲೋಡ್ ಬಿದ್ದರೆ ಚಾಸಿ ಬಾಗುತ್ತದೆ, ವೈರಿಂಗ್ ಎಳೆಯುತ್ತದೆ ಅಂತ ನಾನೇ ಲೆಕ್ಕ ಹಾಕಿದೆ. 15 ಕೆಜಿಯ ಟೊಮೆಟೊ ಬಾಕ್ಸುಗಳಲ್ಲಿ 70 ಬಾಕ್ಸಿಗೆ ಮಣ್ಣು ತುಂಬಿಸಿ, ಹಾಡುಹಗಲಲ್ಲಿ ಗಾಡಿಯನ್ನು ಹಂಪು ಹಳ್ಳಗಳ ಮೇಲೆ ಕುಣಿಸಿದೆ. ಅರ್ಧ ದಿನ, ಎಂಟು ಲೀಟರ್ ಡೀಸೆಲ್. ಒಮ್ಮೆಯೂ ಆಫ್ ಆಗಲಿಲ್ಲ.

ಮಲ್ಟಿಮೀಟರ್ ಇತ್ತಲ್ವಾ ಅನ್ನಬಹುದು. ಇತ್ತು. ಆದರೆ ವೈರು ಕಟ್ ಆಗಿಲ್ಲ ಅಂತ ಅದು ಹೊಡೆಯುವ ಬೀಪ್ ಸದ್ದನ್ನು ನಂಬಿ ಕೆಟ್ಟವರು ಬಹಳ. ಎಷ್ಟೋ ಮೀಟರುಗಳು 30 ಓಮ್ ಅಡ್ಡಿ ಇದ್ದರೂ ಬೀಪ್ ಅನ್ನುತ್ತವೆ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಅನ್ನುತ್ತದೆ. ಮೀಟರ್ ಕಳಿಸುವ ಕೂದಲೆಳೆಯಷ್ಟು ಕರೆಂಟಿಗೆ ಆ ಒಂದು ಎಳೆ ಸಾಕು. ಗಾಡಿ ಕೇಳುವ 10 ಆಂಪಿಯರಿಗೆ ಸಾಲದು. ವೈರು ಗಟ್ಟಿಯಾಗಿದೆಯಾ ಅಂತ ನೋಡಬೇಕಾದರೆ ಅದಕ್ಕೆ ನಿಜವಾದ ಕೆಲಸ ಕೊಡಬೇಕು. ಅದಕ್ಕೇ ನನ್ನ ಡಬ್ಬಿಯಲ್ಲಿ ಇಂಡಿಕೇಟರಿನ 21 ವಾಟ್ ಬಲ್ಬ್ ಯಾವಾಗಲೂ ಇರುತ್ತದೆ. ಅದು ಪೂರ್ತಿ ಬೆಳಕು ಕೊಟ್ಟರೆ ಲೈನಿನಲ್ಲಿ ಜೀವ ಇದೆ ಅಂತ. ಇನ್ನೊಂದು ಮಾತು. ಚೆಕ್ ಮಾಡಲು ವೈರಿನ ಮೈಗೆ ಸೂಜಿ ಚುಚ್ಚಬೇಡಿ. ಆ ತೂತಿನಿಂದ ನೀರು ಇಳಿದು ಒಂದೆರಡು ಮಳೆಗಾಲದಲ್ಲಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಆಮೇಲೆ ಅದೇ ಇನ್ನೊಂದು ಫಾಲ್ಟ್.

ಪಾರ್ಕಿಂಗ್ ಲೈಟಿನ ಮೂರು ಸಣ್ಣ ಬಲ್ಬುಗಳನ್ನು ಕ್ಯಾಬಿನ್ನಿನಲ್ಲಿ ಮೀಟರ್ ಬೋರ್ಡಿನ ಮೇಲೆ ಟೇಪ್ ಹಾಕಿ ಕೂರಿಸಿದೆ. ಮೊದಲನೆಯದು ಬ್ಯಾಟರಿ ಪಕ್ಕದ ಫ್ಯೂಸ್ ದಾಟಿದ ಜಾಗದಿಂದ, ಎರಡನೆಯದು ಇಗ್ನಿಷನ್ ಸ್ವಿಚ್ಚಿಗೆ ಬರುವ ವೈರಿಂದ, ಮೂರನೆಯದು ಪಂಪಿನ ಸೊಲೆನಾಯ್ಡಿಂದ. ಒಂದೊಂದಕ್ಕೂ ಒಂದು ಆಂಪಿಯರ್ ಫ್ಯೂಸ್. ಗಾಡಿ ಆಫ್ ಆದಾಗ ಯಾವುದು ಉರಿಯುತ್ತಿದೆ, ಯಾವುದು ಆರಿದೆ ಅಂತ ನೋಡಿದರೆ ಮುಗಿಯಿತು. ಇದಕ್ಕಿಂತ ಒಳ್ಳೆ ಸ್ಕ್ಯಾನರ್ ಇಂಥ ಹಳೇ ಗಾಡಿಗಳಿಗೆ ಇಲ್ಲ. ಸ್ಕ್ಯಾನರ್ ಚುಚ್ಚಲು ಅವುಗಳಲ್ಲಿ ಜಾಗವೇ ಇಲ್ಲ ಅನ್ನುವುದು ಬೇರೆ ಮಾತು.

ಬಲ್ಬುಗಳನ್ನು ಕೂರಿಸುವಾಗ ಸ್ವಿಚ್ಚಿನ ಹಿಂದೆ ಕೈ ಹಾಕಿದೆನಲ್ಲ, ಅಂಟಂಟು ಟೇಪ್ ಸುತ್ತಿದ ಒಂದು ಗಂಟು ಸಿಕ್ಕಿತು. ಕೆಂಪು ವೈರನ್ನು ಸುಲಿದು ಅದರಿಂದ ಇನ್ನೊಂದು ಲೈನ್ ತೆಗೆದಿದ್ದರು.

"ಇದು ಎಲ್ಲಿಗೆ ಹೋಗುತ್ತಪ್ಪಾ?"

"ಬಂಪರ್ ಮೇಲಿನ ಲೈಟಿಗೆ ಅಣ್ಣಾ. ಫ್ಯಾನೂ ಅದರಲ್ಲೇ ಇದೆ."

ಆಗ ಆ ವಾಯ್ಸ್ ಮೆಸೇಜ್ ನೆನಪಾಯಿತು. 'ಎಕ್ಸ್‌ಟ್ರಾ ಲೈಟೂ ಹೋಗಿದೆ.' ಅವನು ಲೋಡ್ ತುಂಬಿ ಹೊರಡುವುದು ಬೆಳಗಿನ ಜಾವ, ಕತ್ತಲಲ್ಲಿ. ಖಾಲಿ ವಾಪಸ್ ಬರುವುದು ಹಗಲಲ್ಲಿ. ಹುಡುಗ ಕಂಡಿದ್ದನ್ನೇ ಹೇಳಿದ್ದ. ಲೋಡಿಗೂ ಫಾಲ್ಟಿಗೂ ಗಂಟು ಹಾಕಿದವನು ನಾನು. ಲೋಡ್ ಇದ್ದಾಗಲೆಲ್ಲ ಲೈಟೂ ಇತ್ತು.

ಮಣ್ಣಿನ ಬಾಕ್ಸುಗಳನ್ನು ಇಳಿಸಿ, ಕತ್ತಲಾಗುವವರೆಗೆ ಕಾದು, ಎಲ್ಲ ಲೈಟ್ ಹಾಕಿ ಖಾಲಿ ಗಾಡಿಯಲ್ಲೇ ಹೊರಟೆವು. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಎರಡನೇ ಬಲ್ಬ್ ಮೊದಲನೆಯದಕ್ಕಿಂತ ಮಂಕಾಯಿತು. ಒಂದು ಹಂಪಿನ ಮೇಲೆ ಎರಡೂ ಮೂರೂ ಆರಿದವು, ಎಂಜಿನ್ ನಿಂತಿತು. ಮೊದಲನೆಯದು ಉರಿಯುತ್ತಲೇ ಇತ್ತು. ನಡುರಸ್ತೆಯಲ್ಲಿ ಗಾಡಿ ನಿಂತಿದ್ದಕ್ಕೆ ನಾನು ಇಷ್ಟು ಖುಷಿಪಟ್ಟಿದ್ದು ಯಾವತ್ತೂ ಇಲ್ಲ.

ಮೊದಲ ಬಲ್ಬಿಗೂ ಎರಡನೆಯದಕ್ಕೂ ನಡುವೆ ಇರುವುದು ಒಂದು ಕಪ್ಲರ್. ಎಂಜಿನ್ ಕಡೆಯ ವೈರಿಂಗೂ ಕ್ಯಾಬಿನ್ ಕಡೆಯದೂ ಸೇರುವ ಜಾಗ. ಮುಟ್ಟಿದರೆ ಕೈ ಸುಟ್ಟಿತು. ತಣ್ಣಗಾದ ಮೇಲೆ ಲೈಟ್ ಹಾಕಿಕೊಂಡೇ ಅದರ ಆ ಕಡೆ ಈ ಕಡೆ ಮಲ್ಟಿಮೀಟರ್ ಇಟ್ಟು ನೋಡಿದೆ. ಒಂದು ಜಾಯಿಂಟಿನಲ್ಲಿ ಅಬ್ಬಬ್ಬಾ ಅಂದರೆ 0.1 ವೋಲ್ಟ್ ಕಳೆದುಹೋಗಬಹುದು. ಇಲ್ಲಿ 1.9 ವೋಲ್ಟ್. ಎಕ್ಸ್‌ಟ್ರಾ ಲೈಟ್ 55 ವಾಟಿನವು ಎರಡು, ಅಂದರೆ ಒಂಬತ್ತು ಆಂಪಿಯರ್. ಫ್ಯಾನ್, ಮೀಟರ್ ಬೋರ್ಡ್, ಸೊಲೆನಾಯ್ಡ್ ಸೇರಿಸಿದರೆ ಸುಮಾರು 12. ಹನ್ನೆರಡನ್ನು 1.9ರಿಂದ ಗುಣಿಸಿ ನೋಡಿ, 23 ವಾಟ್ ಹತ್ತಿರ ಬರುತ್ತದೆ. ನಾನು ಬೆಸುಗೆ ಹಾಕುವ ಸಣ್ಣ ಐರನ್ನೇ 25 ವಾಟಿನದು. ಅಂಥದ್ದೊಂದನ್ನು ಪ್ಲಾಸ್ಟಿಕ್ ಕಪ್ಲರಿನೊಳಗೆ ಇಟ್ಟುಕೊಂಡು ಇವನು ದಿನಾ ಓಡಾಡುತ್ತಿದ್ದ. ಬೆಂಕಿ ಹತ್ತದೇ ಇದ್ದದ್ದು ಅವನ ಪುಣ್ಯ.

ಬಿಚ್ಚಿದಾಗ ಕೆಂಪು ವೈರಿನ ಪಿನ್ ಸುತ್ತ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಒಳಗೆ ಹಿಡಿದುಕೊಳ್ಳುವ ಹೆಣ್ಣು ಪಿನ್ ಕಾದು ಕಾದು ಬಿಗಿ ಕಳೆದುಕೊಂಡಿತ್ತು. ಬಿಗಿ ಕಡಿಮೆ ಆದಷ್ಟೂ ಬಿಸಿ ಜಾಸ್ತಿ, ಬಿಸಿ ಜಾಸ್ತಿ ಆದಷ್ಟೂ ಬಿಗಿ ಕಡಿಮೆ. ಕೊನೆಗೆ ಒಂದು ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತದೆ. ಹತ್ತು ನಿಮಿಷ ತಣ್ಣಗಾದರೆ ಮತ್ತೆ ಹಿಡಿದುಕೊಳ್ಳುತ್ತದೆ.

ರಿಪೇರಿ ಒಂದು ಗಂಟೆಯದ್ದು. ಆ ಒಂದು ವೈರನ್ನು ಕಪ್ಲರಿಂದ ಹೊರಗೆ ತೆಗೆದು, ಸ್ಲೀವ್ ಹಾಕಿ ಒತ್ತಿ, ಬೆಸುಗೆ ಹಾಕಿ ನೇರ ಜೋಡಿಸಿದೆ. ಎಕ್ಸ್‌ಟ್ರಾ ಲೈಟಿಗೆ ಬ್ಯಾಟರಿಯಿಂದಲೇ ಬೇರೆ ಲೈನ್, 2.5 ಸ್ಕ್ವೇರ್ ಎಂಎಂ ವೈರು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಒಂದು ರಿಲೇ. ಆ ಲೈಟುಗಳನ್ನೇ ತೆಗೆಸು ಅಂತಲೂ ಹೇಳಿದೆ, ಆರ್‌ಟಿಓದವರು ಹಿಡಿದರೆ ನಾನು ಬರುವುದಿಲ್ಲ ಅಂದೆ. ತಲೆ ಆಡಿಸಿದ, ತೆಗೆಸಲಿಲ್ಲ. ಎಲ್ಲ ಲೈಟ್ ಹಾಕಿ ಮತ್ತೆ ಅಳೆದಾಗ ಆ ಜಾಗದಲ್ಲಿ 0.03 ವೋಲ್ಟ್.

ನನ್ನ ಮೂರು ಬಲ್ಬುಗಳು ಒಂದು ವಾರ ಹಾಗೇ ಇರಲಿ ಅಂತ ಕಳಿಸಿದೆ. ಮುಂದಿನ ಭಾನುವಾರ ಬಂದು ಎರಡು ವಾಪಸ್ ಕೊಟ್ಟ.

"ಇನ್ನೊಂದು ಎಲ್ಲಪ್ಪಾ?"

ಕ್ಯಾಬಿನ್ ಬಾಗಿಲು ತೆಗೆದು ತೋರಿಸಿದ. ಡ್ಯಾಶ್‌ಬೋರ್ಡಿನ ವೆಂಕಟರಮಣಸ್ವಾಮಿ ಫೋಟೊ ಮೇಲೆ ಅದು ಉರಿಯುತ್ತಿತ್ತು.

"ಲೈನ್ ಎಲ್ಲಿಂದ ತಗೊಂಡೆ?"

"ಅದೇ ಕೆಂಪು ವೈರಿಂದ ಅಣ್ಣಾ."